ಅಲೈನ್‌ಮೆಂಟ್‌ಗೆ ಓಡುವ ಮುನ್ನ: ಸೆಕೆಂಡ್ ಹ್ಯಾಂಡ್ ಸೆಡಾನ್‌ನ ಚಕ್ರ, ಸ್ಟೀರಿಂಗ್ ತಕರಾರುಗಳು

ಬೆಂಗಳೂರಿನಲ್ಲಿ ಸ್ಟೀರಿಂಗ್ ಬಗ್ಗೆ ಏನೇ ತಕರಾರು ಹೇಳಿಕೊಂಡರೂ ಸಿಗುವ ಸಲಹೆ ಒಂದೇ: "ಒಂದ್ಸಲ ಅಲೈನ್‌ಮೆಂಟ್ ಮಾಡಿಸ್ಬಿಡಿ ಸಾರ್." ಕಾರು ಎಳೆದರೂ ಅದೇ, ನಡುಗಿದರೂ ಅದೇ, ಹಂಪ್ ಇಳಿಯುವಾಗ ಕಟ್ ಎಂದರೂ ಅದೇ. ಅಲೈನ್‌ಮೆಂಟ್ ಎಂದರೆ ಚಕ್ರಗಳ ಕೋನಗಳನ್ನು ಅಳೆದು ಸರಿಹೊಂದಿಸುವುದು. ಅದು ಬೇಕು, ಆದರೆ ಕೊನೆಗೆ ಬೇಕು. ಟೈರಿನಲ್ಲಿ ಗಾಳಿ ಸರಿಯಿಲ್ಲದಾಗ, ರಬ್ಬರ್ ಬುಷ್ ಸವೆದು ಲೋವರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ತೋಳು) ಅಲ್ಲಾಡುತ್ತಿರುವಾಗ ಮಾಡಿಸಿದ ಅಲೈನ್‌ಮೆಂಟ್ ಮುಂದಿನ ಗುಂಡಿ ಸಿಗುವವರೆಗೆ ಮಾತ್ರ ನಿಲ್ಲುತ್ತದೆ. ಕೊಟ್ಟ ದುಡ್ಡು ದಂಡ.

ಹಳೆ ಕಾರು ಕೊಂಡವರಿಗೆ ಇನ್ನೊಂದು ತೊಡಕಿದೆ. ಹಿಂದಿನ ಮಾಲೀಕರು ಯಾವ ಡಿವೈಡರ್‌ಗೆ ತಾಗಿಸಿದ್ದರು, ಯಾವ ಟೈರನ್ನು ಎಲ್ಲಿಂದ ತಂದು ಹಾಕಿದ್ದರು ಎಂಬುದು ಆರ್‌ಸಿಯಲ್ಲಿ ಬರೆದಿರುವುದಿಲ್ಲ. ಗಾಡಿಯೇ ಹೇಳಬೇಕು. ಈ ಬರಹ ನಮ್ಮಲ್ಲಿ ಹೆಚ್ಚು ಓಡಾಡುವ ಡಿಜೈರ್, ಅಮೇಜ್, ಸಿಟಿ, ವರ್ನಾ, ಎಟಿಯೋಸ್ ತರಹದ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಇವೆಲ್ಲ ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಗಾಡಿಗಳು. ಮುಂದೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಟ್ಟಿಗೆ ಇರುವ ಕಂಬ), ಹಿಂದೆ ಟಾರ್ಷನ್ ಬೀಮ್ (ಎರಡು ಹಿಂಚಕ್ರಗಳನ್ನು ಜೋಡಿಸುವ ತೊಲೆ). ಹಾಗಾಗಿ ಕಾಯಿಲೆಗಳೂ ಹೆಚ್ಚುಕಮ್ಮಿ ಒಂದೇ ಥರ.

ಯಾವ ಲಕ್ಷಣವಿದ್ದರೂ ಮೊದಲು ಟೈರ್

ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ, ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಈ ಗಾತ್ರದ ಸೆಡಾನ್‌ಗಳಲ್ಲಿ ಅದು ಸಾಮಾನ್ಯವಾಗಿ 30ರಿಂದ 35 ಪಿಎಸ್‌ಐ ನಡುವೆ. "ಗುಂಡಿ ಜಾಸ್ತಿ ಸಾರ್, 40 ಹೊಡ್ದಿದೀನಿ" ಎನ್ನುವ ಪಂಕ್ಚರ್ ಅಂಗಡಿಯವರ ಕಾಳಜಿಗೆ ಒಂದು ನಮಸ್ಕಾರ ಹಾಕಿ ಗಾಳಿ ಇಳಿಸಿ. ಒಂದು ಡಿಜಿಟಲ್ ಗೇಜ್ ಡ್ಯಾಶ್‌ಬೋರ್ಡ್‌ನಲ್ಲಿ ಇಟ್ಟುಕೊಂಡರೆ ಯಾರ ಮೀಟರನ್ನೂ ನಂಬಬೇಕಿಲ್ಲ.

ಗಾಳಿ ನೋಡಿದ ಮೇಲೆ ಸ್ಟೀರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ ಇಳಿಯಿರಿ. ಮುಂದಿನ ಟೈರಿನ ಒಳಅಂಚೂ ಆಗ ಕಣ್ಣಿಗೆ ಬೀಳುತ್ತದೆ. ನೇರವಾಗಿ ನಿಂತ ಗಾಡಿಯಲ್ಲಿ ಹೊರಅಂಚು ಮಾತ್ರ ಕಾಣುವುದರಿಂದ, ಒಳಗೆ ತಂತಿ ಬಂದಿದ್ದರೂ ಗೊತ್ತಾಗದೆ ಓಡಿಸುವವರಿದ್ದಾರೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು ತುಂಬಿಸಿ ಓಡಿಸಿದ್ದಾರೆ. ಎರಡೂ ಅಂಚು ಸವೆದಿದ್ದರೆ ಗಾಳಿ ಕಮ್ಮಿ. ಒಂದೇ ಅಂಚು ಸವೆದಿದ್ದರೆ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಅಥವಾ ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ತಪ್ಪಿದೆ. ಅಲ್ಲಲ್ಲಿ ತಗ್ಗು ಬಿದ್ದ ಹಾಗೆ ಸವೆದಿದ್ದರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಬಹಳ ದಿನ ಬ್ಯಾಲೆನ್ಸ್ ಇಲ್ಲದೆ ಓಡಿದೆ.

ಕಣ್ಣಿಗೆ ಕಾಣದ್ದು ಅಂಗೈಗೆ ಸಿಗುತ್ತದೆ. ತಂತಿ, ಮೊಳೆ ಇಲ್ಲವೆಂದು ನೋಡಿಕೊಂಡು ಟೈರಿನ ಮೇಲೆ ಅಂಗೈಯನ್ನು ಹೊರಗಿನಿಂದ ಒಳಗೆ ಸವರಿ, ಆಮೇಲೆ ಒಳಗಿನಿಂದ ಹೊರಗೆ. ಒಂದು ದಿಕ್ಕಿಗೆ ನುಣುಪಾಗಿ ಜಾರಿ, ವಾಪಸ್ ಬರುವಾಗ ರಬ್ಬರ್ ಅಂಚುಗಳು ಕೈಗೆ ಗೀರಿದರೆ ಟೋ ತಪ್ಪಿದೆ ಎಂದು ಲೆಕ್ಕ. ಚಕ್ರ ಉರುಳುವುದರ ಜತೆಗೆ ಅಡ್ಡಡ್ಡ ಉಜ್ಜಿಕೊಂಡು ಹೋಗಿದೆ. ಅಲೈನ್‌ಮೆಂಟ್ ಮಷೀನ್ ಮುಟ್ಟುವ ಮೊದಲೇ ಇಷ್ಟು ತಿಳಿದುಕೊಳ್ಳಬಹುದು.

ಟೈರಿನ ವಯಸ್ಸನ್ನೂ ಓದಿ. ಪಕ್ಕದ ಗೋಡೆಯಲ್ಲಿ ಡಾಟ್ (DOT) ಎಂದು ಶುರುವಾಗುವ ಬರಹದ ಕೊನೆಯ ನಾಲ್ಕು ಅಂಕಿ ನೋಡಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ನಾಲ್ಕು ಚಕ್ರಕ್ಕೆ ಮೂರು ಕಂಪನಿಯ ಟೈರ್ ಇರುವುದು ಹೊಸದೇನಲ್ಲ. ಒಂದೇ ಆಕ್ಸಲ್‌ನ ಎರಡು ಬದಿಗೆ ಬೇರೆ ಬೇರೆ ಟೈರ್ ಇದ್ದರೆ ಮಾತ್ರ ಅದನ್ನು ಅಲ್ಲಿಯೇ ಗುರುತು ಹಾಕಿಕೊಳ್ಳಿ. ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಅದೇ ಆಗಬಹುದು. ಕಾಲುವೆಗಳ ಒಳಗಿರುವ ಸಣ್ಣ ದಿಬ್ಬಗಳ ಮಟ್ಟಕ್ಕೆ ಟೈರ್ ಸವೆದಿದ್ದರೆ ಉಳಿದಿರುವುದು 1.6 ಮಿ.ಮೀ. ಅಷ್ಟೇ. ಅಲ್ಲಿಗೆ ಟೈರಿನ ಆಯಸ್ಸು ಮುಗಿಯಿತು. ಕಾನೂನಿನ ಮಿತಿಯೂ ಅದೇ.

ಜಾಕಿ ಹಾಕುವವರಿಗೆ

ಮುಂದೆ ಕೆಲವು ಪರೀಕ್ಷೆಗಳಿಗೆ ಚಕ್ರ ಎತ್ತಬೇಕು. ಸಮತಟ್ಟಾದ ಗಟ್ಟಿ ನೆಲ ಇರಲಿ. ಹ್ಯಾಂಡ್‌ಬ್ರೇಕ್ ಎಳೆದು, ಗಾಡಿಯನ್ನು ಗೇರಿನಲ್ಲಿಟ್ಟು (ಮುಂದಿನ ಚಕ್ರವನ್ನು ಕೈಯಿಂದ ತಿರುಗಿಸುವ ಪರೀಕ್ಷೆಗೆ ಮಾತ್ರ ನ್ಯೂಟ್ರಲ್), ಎದುರು ಮೂಲೆಯ ಚಕ್ರಕ್ಕೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ಬಿಚ್ಚುವುದಿದ್ದರೆ ಮಾತ್ರ, ಅದು ನೆಲದ ಮೇಲಿರುವಾಗಲೇ ಸ್ವಲ್ಪ ಸಡಿಲ ಮಾಡಿಕೊಳ್ಳಿ. ಗಾಡಿ ಜತೆ ಬಂದ ಜಾಕಿ ಚಕ್ರ ಬದಲಿಸಲು ಮಾತ್ರ; ಅದರ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಗಿರಲಿ, ಕೈಯೂ ಹೋಗಕೂಡದು. ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನ ರ್‍ಯಾಂಪ್ ಇಳಿಜಾರಿನಲ್ಲಿ ಜಾಕಿ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಜಾಕಿಯ ಸಹವಾಸವೇ ಬೇಡ ಅನ್ನಿಸಿದರೆ ಪಂಕ್ಚರ್ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಚಕ್ರ ಅದಲುಬದಲು ಮಾಡಿಕೊಡುತ್ತಾರೆ.

ಲಕ್ಷಣ: ಕಾರು ಒಂದು ಕಡೆಗೆ ಎಳೆಯುತ್ತದೆ

ಎಡಕ್ಕೆ ತುಸುವೇ ಜಾರುತ್ತದೆ ಎಂದರೆ ಗಾಬರಿ ಬೇಡ. ಮಳೆನೀರು ಇಳಿದುಹೋಗಲೆಂದು ರಸ್ತೆಯನ್ನು ಅಂಚಿನ ಕಡೆಗೆ ಇಳಿಜಾರಾಗಿ ಕಟ್ಟಿರುತ್ತಾರೆ. ನಾವು ಎಡಬದಿಯಲ್ಲಿ ಓಡಿಸುವವರು. ಬಲಕ್ಕೆ ಎಳೆಯುತ್ತಿದ್ದರೆ, ಅಥವಾ ಎಡಕ್ಕೆ ಎಳೆಯುವುದನ್ನು ತಡೆಯಲು ತೋಳು ನೋಯುವಷ್ಟು ಹಿಡಿಯಬೇಕಾದರೆ ಹುಡುಕಬೇಕು. ಪರೀಕ್ಷೆಗೆ ಬೆಳಗಿನ ಹೊತ್ತು ಖಾಲಿಯಿರುವ ನೇರ ರಸ್ತೆ ಆರಿಸಿಕೊಳ್ಳಿ. ಸ್ಟೀರಿಂಗ್ ಪೂರ್ತಿ ಬಿಡಬೇಡಿ, ಹಿಡಿತ ಸಡಿಲಿಸಿದರೆ ಸಾಕು.

ಗಾಳಿ ಸರಿಯಿದ್ದೂ ಎಳೆದರೆ ಮುಂದಿನ ಎಡ, ಬಲ ಚಕ್ರಗಳನ್ನು ಅದಲುಬದಲು ಮಾಡಿ. ಖರ್ಚಿಲ್ಲದ ಪರೀಕ್ಷೆಗಳಲ್ಲಿ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಎಡಕ್ಕೆ ಎಳೆಯುತ್ತಿದ್ದದ್ದು ಈಗ ಬಲಕ್ಕೆ ಎಳೆದರೆ ದೋಷ ಟೈರಿನದು. ಒಳಗಿನ ಪದರ ಓರೆಯಾಗಿದೆ ಅಥವಾ ಎರಡು ಬೇರೆ ಜಾತಿಯ ಟೈರ್ ಇವೆ. ಇದನ್ನು ಯಾವ ಅಲೈನ್‌ಮೆಂಟೂ ಸರಿ ಮಾಡದು. ಟೈರಿನ ಮೇಲೆ ತಿರುಗುವ ದಿಕ್ಕಿನ ಬಾಣದ ಗುರುತಿದ್ದರೆ ಎಡಬಲ ಬದಲಿಸಬೇಡಿ. ಅದೇ ಬದಿಯ ಹಿಂದಿನ ಚಕ್ರವನ್ನು ಮುಂದೆ ತಂದು ನೋಡಿ.

ಬದಲಿಸಿದರೂ ಅದೇ ಕಡೆಗೆ ಎಳೆದರೆ ಮುಂದಿನ ಅನುಮಾನ ಬ್ರೇಕಿನ ಮೇಲೆ. ಹತ್ತು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಹೆಚ್ಚು ಬ್ರೇಕ್ ಒತ್ತದೆ ಗಾಡಿ ನಿಲ್ಲಿಸಿ, ಎರಡೂ ಮುಂದಿನ ರಿಮ್‌ಗಳ ಹತ್ತಿರ ಕೈ ಒಯ್ಯಿರಿ. ಮುಟ್ಟಬೇಡಿ, ಹತ್ತಿರ ಒಯ್ದರೆ ಸಾಕು. ಒಂದು ಕಡೆ ಮಾತ್ರ ಬಿಸಿ ಹೊಡೆಯುತ್ತಿದ್ದರೆ, ಸುಟ್ಟ ವಾಸನೆ ಬಂದರೆ ಆ ಬದಿಯ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅದುಮಿ ಹಿಡಿಯುವ ಭಾಗ) ಬಿಗಿದುಕೊಂಡಿದೆ. ಎಳೆತವೂ ಅದೇ ಕಡೆಗೆ ಇರುತ್ತದೆ. ಹಲವು ಸಲ ಕ್ಯಾಲಿಪರ್ ಪಿನ್ ಬಿಚ್ಚಿ, ಶುಚಿ ಮಾಡಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚಿದರೆ ಮುಗಿಯಿತು. ಬಿಸಿ ಡಿಸ್ಕ್ ಮೇಲೆ ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾದೀತು. ಬ್ರೇಕ್ ಒತ್ತಿದಾಗ ಮಾತ್ರ ಎಳೆದರೆ ಲೆಕ್ಕ ತಿರುವುಮುರುವು: ಬಲಕ್ಕೆ ಎಳೆದರೆ ಎಡಗಡೆಯ ಬ್ರೇಕ್ ಕೆಲಸ ಮಾಡುತ್ತಿಲ್ಲ.

ಆಕ್ಸಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ವಾಲಿದರೆ ಲೋವರ್ ಆರ್ಮ್ ಬುಷ್ ಹರಿದಿರಬಹುದು. ಇದು ಹಂಪ್ ನಗರಿಯ ಕಾಯಿಲೆ. ಇವು ಯಾವುವೂ ಅಲ್ಲ ಎಂದಾದ ಮೇಲೆ ಉಳಿಯುವುದು ಅಲೈನ್‌ಮೆಂಟ್. ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಲಕ್ಷಣ: ಸ್ಟೀರಿಂಗ್ ನಡುಗುತ್ತದೆ

ಊರೊಳಗೆ ಹಾಲಿನಂತೆ ಓಡುವ ಕಾರು ಮೊದಲ ಸಲ ಮೈಸೂರು ಹೆದ್ದಾರಿ ಹತ್ತಿದಾಗ ಕೈಯಲ್ಲಿ ಜುಮ್ಮೆನ್ನಿಸುತ್ತದೆ. ಸಿಲ್ಕ್ ಬೋರ್ಡಿನಿಂದ ಹೆಬ್ಬಾಳದವರೆಗಿನ ಓಡಾಟದಲ್ಲಿ 80 ಮುಟ್ಟುವ ಯೋಗವೇ ಇಲ್ಲದ್ದರಿಂದ ಕೊಂಡು ತಿಂಗಳುಗಟ್ಟಲೆ ಇದು ಗೊತ್ತೇ ಆಗುವುದಿಲ್ಲ. ನಡುಕ ಯಾವ ವೇಗದಲ್ಲಿ, ಏನು ಮಾಡುವಾಗ ಬರುತ್ತದೆ ಎಂದು ಗಮನಿಸಿದರೆ ಅರ್ಧ ಕೆಲಸ ಮುಗಿಯಿತು.

80ರ ಆಸುಪಾಸಿನಲ್ಲಿ ಶುರುವಾಗಿ, ವೇಗ ಇಳಿಸಿದರೆ ಮಾಯವಾಗುವ ನಡುಕ ಸಾಮಾನ್ಯವಾಗಿ, ಚಕ್ರದ ತೂಕವನ್ನು ಸುತ್ತಲೂ ಸಮ ಮಾಡುವ ವೀಲ್ ಬ್ಯಾಲೆನ್ಸಿಂಗ್‌ನದು. ಕೈಗೆ ಬಂದರೆ ಮುಂದಿನ ಚಕ್ರ, ಸೀಟಿಗೆ ಬಂದರೆ ಹಿಂದಿನದು. ಬ್ಯಾಲೆನ್ಸಿಂಗ್ ಮಾಡಿಸುವ ಮುಂಚೆ ರಿಮ್ಮಿನ ಒಳಮೈ ನೋಡಿ. ಕಳೆದ ಮಳೆಗಾಲದಲ್ಲಿ ನಮ್ಮ ಬೇಸ್‌ಮೆಂಟಿನಲ್ಲಿ ಪಕ್ಕದ ಮನೆಯವರು ಬಂದು, "ಸಾರ್, ನೆಲಮಂಗಲ ದಾಟಿದ್ಮೇಲೆ ಗಡಗಡ ಅನ್ನುತ್ತೆ, ಟೈರ್ ಹೋಯ್ತಾ?" ಎಂದರು. ಚಕ್ರ ಬಿಚ್ಚಿದರೆ ಒಳಮೈಗೆ ಕೆಂಪು ಮಣ್ಣು ಒಂದೇ ಕಡೆ ಮೆತ್ತಿ ಒಣಗಿ ಕೂತಿತ್ತು. ಸ್ಕ್ರೂಡ್ರೈವರ್‌ನಿಂದ ಎಬ್ಬಿಸಿದಾಗ ಹೆಂಚಿನ ಚೂರುಗಳ ಹಾಗೆ ಉದುರಿತು. ತೊಳೆದ ಮೇಲೆ ನಡುಕ ಇಲ್ಲ. ಬ್ಯಾಲೆನ್ಸಿಂಗ್‌ಗೆಂದು ರಿಮ್ಮಿಗೆ ಹಾಕಿದ ಕೆಲವೇ ಗ್ರಾಂ ತೂಕದ ಸೀಸದ ತುಂಡು ಬಿದ್ದುಹೋದರೆ ಚಕ್ರ ನಡುಗುತ್ತದೆ ಎಂದಮೇಲೆ ಅಷ್ಟು ಮಣ್ಣು ಸುಮ್ಮನಿದ್ದೀತೇ? ಸೀಸದ ತುಂಡು ಕಳಚಿದ್ದರೆ ರಿಮ್ಮಿನ ಅಂಚಿನಲ್ಲಿ ಶುಭ್ರವಾದ ಚೌಕ ಗುರುತು ಉಳಿದಿರುತ್ತದೆ.

ವಾರಗಟ್ಟಲೆ ನಿಂತಿದ್ದ ಗಾಡಿಯಲ್ಲಿ ಟೈರಿನ ಕೆಳಭಾಗ ಚಪ್ಪಟೆಯಾಗಿ ಮೊದಲ ಕೆಲವು ಕಿಲೋಮೀಟರ್ ದಡದಡ ಎನ್ನುವುದುಂಟು. ಟೈರ್ ಬಿಸಿಯಾದ ಮೇಲೆ ಹೋಗುತ್ತದೆ. ಹೋಗದಿದ್ದರೆ ಟೈರ್ ಹಾಳು.

ನಡುಕ 20, 30ರ ವೇಗದಲ್ಲೇ ಬಂದು ಸ್ಟೀರಿಂಗ್ ಎಡಬಲ ತೂಗಿದರೆ ವಿಷಯ ಬೇರೆ. ತಕ್ಷಣ ನಿಲ್ಲಿಸಿ. ಮೊದಲು ವೀಲ್ ನಟ್ ಬಿಗಿಯಿದೆಯೇ ನೋಡಿ, ಅದರಲ್ಲೂ ಇತ್ತೀಚೆಗೆ ಪಂಕ್ಚರ್ ಹಾಕಿಸಿದ್ದರೆ. ಆಮೇಲೆ ಟೈರಿನ ಪಕ್ಕದ ಗೋಡೆಯಲ್ಲಿ ಉಬ್ಬು ಇದೆಯೇ ನೋಡಿ. ಗುಂಡಿಯ ಅಂಚಿಗೆ ಬಡಿದಾಗ ಒಳಗಿನ ದಾರಗಳು ಕಿತ್ತು ಗಾಳಿ ಹೊರಗೆ ತಳ್ಳಿದ್ದೇ ಆ ಗುಳ್ಳೆ. ಅದಕ್ಕೆ ಪ್ಯಾಚ್ ಇಲ್ಲ, ರಿಪೇರಿ ಇಲ್ಲ. "ಊರೊಳಗೆ ನಡಿಯುತ್ತೆ ಬಿಡಿ" ಎನ್ನುವ ಮಾತಿಗೆ ಕಿವಿಗೊಡಬೇಡಿ. ಸ್ಟೆಪ್ನಿ ಹಾಕಿ, ಟೈರ್ ಬದಲಿಸಿ. ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಸಣ್ಣದಿದ್ದರೆ ಅದರ ಮೇಲೇ ವೇಗಮಿತಿ ಬರೆದಿರುತ್ತದೆ, ಸಾಮಾನ್ಯವಾಗಿ 80.

ಉಬ್ಬಿಲ್ಲದಿದ್ದರೆ ರಿಮ್ ಸೊಟ್ಟಗಾಗಿರಬಹುದು. ಚಕ್ರ ಎತ್ತಿ, ನೆಲದ ಮೇಲೆ ಒಂದು ಇಟ್ಟಿಗೆ ಇಟ್ಟು, ಅದರ ಮೇಲೆ ಪೆನ್ಸಿಲ್ಲನ್ನು ರಿಮ್ಮಿಗೆ ತಾಗೀತಾಗದಂತೆ ಹಿಡಿದು ಕೈಯಿಂದ ಚಕ್ರ ತಿರುಗಿಸಿ. ನಡುವಿನ ಸಂದು ಒಮ್ಮೆ ಹೆಚ್ಚಿ ಒಮ್ಮೆ ಕಮ್ಮಿಯಾದರೆ ಬೆಂಡ್ ಇದೆ. ಸ್ಟೀಲ್ ರಿಮ್ಮಾದರೆ ಬೆಂಡ್ ತೆಗೆಸಬಹುದು. ಅಲಾಯ್ ಬಿರುಕು ಬಿಟ್ಟಿದ್ದರೆ ವೆಲ್ಡಿಂಗ್ ಮಾಡಿಸಿ ಓಡಿಸುವುದು ನನ್ನ ಪ್ರಕಾರ ಜೂಜು.

ಹಿಂದಿನ ಮಾಲೀಕರು ಹೊರಗಿನಿಂದ ಅಲಾಯ್ ಹಾಕಿಸಿದ್ದರೆ ಇನ್ನೊಂದು ಸಂಗತಿ. ಅಂಥ ಚಕ್ರದ ನಡುವಿನ ರಂಧ್ರವು ಚಕ್ರ ಕೂರುವ ಕಾರಿನ ಹಬ್‌ಗಿಂತ ದೊಡ್ಡದಿದ್ದರೆ ಚಕ್ರ ಸರಿಯಾಗಿ ನಡುವಿಗೆ ಕೂರುವುದಿಲ್ಲ. ಎಷ್ಟು ಸಲ ಬ್ಯಾಲೆನ್ಸ್ ಮಾಡಿಸಿದರೂ ನಡುಕ ನಿಲ್ಲದು. ಹಬ್ ರಿಂಗ್ ಎಂಬ ಸಣ್ಣ ಬಳೆ ಹಾಕಿದರೆ ಸರಿಹೋಗುತ್ತದೆ. ವೀಲ್ ನಟ್‌ನ ಮೂತಿಯೂ ಆ ರಿಮ್ಮಿಗೆ ಒಪ್ಪುವಂತಿರಬೇಕು. ಚೂಪು ಮೂತಿಯ ನಟ್ ಬೇಕಾದಲ್ಲಿ ಚಪ್ಪಟೆ ಮೂತಿಯದು ಹಾಕಿದ್ದರೆ ಅದು ಬಿಗಿಯಾಗಿ ಕೂರದು.

ಬ್ರೇಕ್ ಒತ್ತಿದಾಗ ಮಾತ್ರ ಸ್ಟೀರಿಂಗ್ ನಡುಗಿದರೆ ಮುಂದಿನ ಡಿಸ್ಕ್ ಒಂದೇ ದಪ್ಪ ಉಳಿದಿಲ್ಲ. ವೀಲ್ ನಟ್‌ಗಳನ್ನು ಗಾಳಿ ಗನ್ನಿನಿಂದ ಒಂದು ಜಾಸ್ತಿ ಒಂದು ಕಮ್ಮಿ ಬಿಗಿದರೂ ಡಿಸ್ಕ್ ಓರೆಯಾಗುತ್ತದೆ. ಡಿಸ್ಕ್ ಉಜ್ಜಿಸುವ ಮೊದಲು ಅದರ ಮೇಲೆ ಅಚ್ಚೊತ್ತಿರುವ ಕನಿಷ್ಠ ದಪ್ಪ ಓದಲು ಹೇಳಿ. ಆಕ್ಸಲರೇಟರ್ ಒತ್ತಿದಾಗ ನಡುಗಿ, ಬಿಟ್ಟ ಕೂಡಲೇ ನಿಂತರೆ, ಎಂಜಿನ್ ಬಲವನ್ನು ಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟ್‌ನ ಒಳಜಾಯಿಂಟ್ ನೋಡಿಸಿ. ಇದು ಗ್ಯಾರೇಜಿನ ಕೆಲಸ.

ಲಕ್ಷಣ: ಹಂಪ್, ಗುಂಡಿಗಳಲ್ಲಿ ಕಟಕಟ ಸದ್ದು

ಮೊದಲು ಡಿಕ್ಕಿ ಖಾಲಿ ಮಾಡಿ. ಸ್ಟೆಪ್ನಿ, ಜಾಕಿ, ವೀಲ್ ಸ್ಪ್ಯಾನರ್ ಎಲ್ಲ ತೆಗೆದು ಅದೇ ಹಂಪ್ ಮೇಲೆ ಓಡಿಸಿ. ನಗಬೇಡಿ. ಸಡಿಲವಾಗಿ ಬಿದ್ದಿದ್ದ ಜಾಕಿಯೊಂದು ಸಸ್ಪೆನ್ಷನ್ ಬದಲಿಸುವ ಎಸ್ಟಿಮೇಟ್‌ವರೆಗೆ ಒಯ್ಯಬಲ್ಲದು.

ಸದ್ದು ಉಳಿದರೆ ಅದು ಯಾವಾಗ ಬರುತ್ತದೆ ನೋಡಿ. ಸಣ್ಣಸಣ್ಣ ಉಬ್ಬುತಗ್ಗಿನಲ್ಲಿ, ಒಂದೇ ಚಕ್ರ ಇಳಿದು ಹತ್ತುವಾಗ ಟಕಟಕ ಎಂದರೆ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳಿನ ಕೊಂಡಿ) ಮೇಲೆ ಮೊದಲ ಅನುಮಾನ. ಅಗೆದು ಅರೆಬರೆ ಮುಚ್ಚಿದ ನಮ್ಮ ಗಲ್ಲಿಗಳಲ್ಲಿ ಬೇಗ ಸಾಯುವ ಪಾರ್ಟ್ ಇದು. ಸಸ್ಪೆನ್ಷನ್ ಪಾರ್ಟುಗಳಲ್ಲಿ ಅಗ್ಗದ್ದೂ ಹೌದು. ಗಾಡಿ ಹೊರಡುವಾಗ ಒಂದು ಧಡ್, ಬ್ರೇಕ್ ಹಾಕುವಾಗ ಇನ್ನೊಂದು ಧಡ್ ಎಂದರೆ ಲೋವರ್ ಆರ್ಮ್ ಬುಷ್. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಜಿಗಿದ ಹಾಗೆ ಟಂಗ್ ಎಂದರೆ ಸ್ಟ್ರಟ್ ಮೌಂಟ್. ಬಾನೆಟ್ ತೆರೆದು ಸ್ಟ್ರಟ್ ತುದಿಯ ಮೇಲೆ ಕೈಯಿಟ್ಟು, ಇನ್ನೊಬ್ಬರಿಂದ ಸ್ಟೀರಿಂಗ್ ತಿರುಗಿಸಿದರೆ ಆ ಜಿಗಿತ ಕೈಗೆ ಸಿಗುತ್ತದೆ. ಕೆಟ್ಟ ರಸ್ತೆಯಲ್ಲಿ ನಿಧಾನ ಹೋಗುವಾಗ ಸದ್ದು ಕಿವಿಗಿಂತ ಹೆಚ್ಚಾಗಿ ಕೈಗೆ ಬಂದರೆ ಸ್ಟೀರಿಂಗ್ ರ್‍ಯಾಕ್, ಇಲ್ಲವೇ ಟೈ ರಾಡ್. ಸ್ಟೀರಿಂಗ್ ತಿರುಗಿದ್ದನ್ನು ಚಕ್ರಕ್ಕೆ ಮುಟ್ಟಿಸುವ ಹಲ್ಲಿನ ಸರಳು, ಅದರ ತುದಿಯ ಕಡ್ಡಿ ಇವು.

ಈಗ ಚಕ್ರ ಎತ್ತಿ ಅಲ್ಲಾಡಿಸಿ. ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ದೂಡಿ ಎಳೆದಾಗ ಆಟವಿದ್ದರೆ ಟೈ ರಾಡ್ ಎಂಡ್ ಅಥವಾ ರ್‍ಯಾಕ್ ಎಂಡ್. 12 ಮತ್ತು 6ರಲ್ಲಿ ಹಿಡಿದಾಗ ಆಟವಿದ್ದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ತುದಿಯ ಗುಂಡು ಕೀಲು) ಅಥವಾ ಬೇರಿಂಗ್. ಎರಡೂ ಕಡೆ ಅಲ್ಲಾಡಿದರೆ ಬಹುಪಾಲು ಬೇರಿಂಗೇ. ಒಬ್ಬರು ಅಲ್ಲಾಡಿಸುವಾಗ ಇನ್ನೊಬ್ಬರು ಟಾರ್ಚ್ ಹಿಡಿದು, ಹೊರಗಿನಿಂದಲೇ, ಯಾವ ಜಾಯಿಂಟ್ ಕುಣಿಯುತ್ತಿದೆ ನೋಡಬೇಕು. ಸದ್ದಿಗೆ ಹೆದರಿ "ಫುಲ್ ಸಸ್ಪೆನ್ಷನ್ ಮಾಡ್ಸೋಣ ಸಾರ್" ಎನ್ನುವ ಮಾತಿಗೆ ಒಪ್ಪುವ ಮುನ್ನ, ಆ ಕುಣಿತವನ್ನು ತೋರಿಸಿ ಎನ್ನಿ. ತೋರಿಸಲಾಗದ ಪಾರ್ಟ್ ಬದಲಿಸುವ ಅಗತ್ಯವಿಲ್ಲ.

ಬಾಲ್ ಜಾಯಿಂಟ್‌ನಲ್ಲಿ ಆಟ ಕಂಡರೆ ಗಾಡಿಯನ್ನು ಅಲ್ಲಿಂದ ಓಡಿಸಿಕೊಂಡು ಹೋಗಬೇಡಿ. ಅದು ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ನೆಲ ಕಚ್ಚುತ್ತದೆ, ಸ್ಟೀರಿಂಗ್ ಕೈಯಲ್ಲಿದ್ದೂ ಇಲ್ಲದಂತೆ. ಟೈ ರಾಡ್ ಎಂಡ್‌ಗೂ ಇದೇ ಮಾತು. ಮೆಕ್ಯಾನಿಕ್‌ನನ್ನೇ ಕರೆಸಿ ಅಥವಾ ಟೋಯಿಂಗ್ ಹೇಳಿ.

ಲಕ್ಷಣ: ವೇಗ ಹೆಚ್ಚಿದಂತೆ ಗುಂಯ್ ಎನ್ನುವ ಸದ್ದು

ಇದು ವೀಲ್ ಬೇರಿಂಗೋ ಟೈರೋ ಎಂಬುದೇ ಪ್ರಶ್ನೆ, ಮತ್ತು ಈ ಪ್ರಶ್ನೆಗೆ ಬೆಂಗಳೂರಿನ ರಸ್ತೆಗಳೇ ಉತ್ತರ ಕೊಡುತ್ತವೆ. ವೈಟ್ ಟಾಪಿಂಗ್ ಆದ ಕಾಂಕ್ರೀಟ್ ರಸ್ತೆಯಿಂದ ಹೊಸ ಡಾಂಬರಿಗೆ ಇಳಿದ ಕೂಡಲೇ ಸದ್ದಿನ ಧಾಟಿ ಬದಲಾದರೆ ಟೈರಿನದು. ರಸ್ತೆ ಬದಲಾದರೂ ಒಂದೇ ರಾಗ ಎಳೆದರೆ ಬೇರಿಂಗ್. ಕ್ಷಣಹೊತ್ತು ಕ್ಲಚ್ ಒತ್ತಿ ನೋಡಿ. ಎಂಜಿನ್ ಸದ್ದು ಇಳಿದರೂ ಗುಂಯ್ ಹಾಗೇ ಇದ್ದರೆ ಎಂಜಿನ್ನಿಗೆ ಸಂಬಂಧವಿಲ್ಲ.

ನೈಸ್ ರಸ್ತೆಯಂಥ ಕಡೆ ಉದ್ದನೆಯ ತಿರುವಿನಲ್ಲಿ ಕಿವಿಗೊಡಿ. ಬಲಕ್ಕೆ ತಿರುಗುವಾಗ ಸದ್ದು ಏರಿದರೆ ಭಾರ ಬಿದ್ದ ಎಡಗಡೆಯ ಬೇರಿಂಗ್ ಮೇಲೆ ಅನುಮಾನ. ಮನೆಗೆ ಬಂದು ಚಕ್ರ ಎತ್ತಿ, ಒಂದು ಕೈಯಲ್ಲಿ ಸ್ಪ್ರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಚಕ್ರ ತಿರುಗಿಸಿ. ಕೆಟ್ಟ ಬೇರಿಂಗ್‌ನ ಗರಗರ ಸ್ಪ್ರಿಂಗ್ ಮೂಲಕ ಬೆರಳಿಗೆ ಬರುತ್ತದೆ. ಚಕ್ರ ಮುಳುಗುವಷ್ಟು ನೀರಿನಲ್ಲಿ ಓಡಿದ ಅಥವಾ ನಿಂತಿದ್ದ ಗಾಡಿಗಳಲ್ಲಿ ಇದು ಬೇಗ ಬರುತ್ತದೆ. ಮಳೆಗಾಲ ಮುಗಿದ ಮೇಲೆ ಮಾರಾಟಕ್ಕೆ ಬಂದ ಕಾರಿನಲ್ಲಿ ಈ ಸದ್ದು ಕೇಳಿದರೆ ಕಾರ್ಪೆಟ್ ಎತ್ತಿ ಮೂಸಿಯೂ ನೋಡಿ.

ಒತ್ತಿ ಕೂರಿಸುವ ಬೇರಿಂಗಾದರೆ ಹೈಡ್ರಾಲಿಕ್ ಪ್ರೆಸ್ ಇರುವಲ್ಲೇ ಹಾಕಿಸಿ. ಸುತ್ತಿಗೆಯಿಂದ ಬಡಿದು ಕೂರಿಸಿದ್ದು ಹೆಚ್ಚು ದಿನ ಬಾಳದು. ಎಷ್ಟೋ ಕಾರುಗಳಲ್ಲಿ ಎಬಿಎಸ್ ಸೆನ್ಸರ್ ಓದುವ ಅಯಸ್ಕಾಂತದ ಪಟ್ಟಿ ಬೇರಿಂಗ್‌ನ ಒಂದು ಮುಖದಲ್ಲೇ ಇರುತ್ತದೆ. ಬೇರಿಂಗ್ ಬದಲಿಸಿದ ಮರುದಿನವೇ ಎಬಿಎಸ್ ದೀಪ ಹತ್ತಿದರೆ ಅದನ್ನು ಹಿಂದುಮುಂದಾಗಿ ಹಾಕಿರುವ ಸಾಧ್ಯತೆ ಮೊದಲು ನೋಡಿಸಿ.

ಲಕ್ಷಣ: ಪೂರ್ತಿ ತಿರುಗಿಸಿ ಓಡಿಸುವಾಗ ಟಿಕ್ ಟಿಕ್

ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಒಂದು ಸುತ್ತು ಹಾಕಿ. ಲಯಬದ್ಧವಾಗಿ ಟಿಕ್ ಟಿಕ್ ಎಂದರೆ ಡ್ರೈವ್ ಶಾಫ್ಟ್‌ನ ಹೊರಜಾಯಿಂಟ್ ಸವೆದಿದೆ. ಚಕ್ರದ ಹಿಂದಿರುವ ರಬ್ಬರ್ ಬೂಟ್ ಹರಿದು ಗ್ರೀಸ್ ರಿಮ್ಮಿನ ಒಳಮೈಗೆ ಸಿಡಿದಿದ್ದರೆ ಬೇರೆ ಸಾಕ್ಷಿ ಬೇಡ. ಸದ್ದು ಇನ್ನೂ ಶುರುವಾಗದೆ ಬೂಟ್ ಮಾತ್ರ ಹರಿದಿದ್ದರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಕಡಿಮೆಯಲ್ಲಿ ಮುಗಿಯುತ್ತದೆ.

ಲಕ್ಷಣ: ಸ್ಟೀರಿಂಗ್ ಭಾರ

ಮತ್ತೆ ಗಾಳಿ. ಮುಂದಿನ ಟೈರ್ ಎರಡರಲ್ಲೂ ಗಾಳಿ ಇಳಿದಿದ್ದರೆ ಪವರ್ ಸ್ಟೀರಿಂಗೂ ಭಾರವಾಗುತ್ತದೆ.

ಆಮೇಲೆ ಬಾನೆಟ್ ತೆರೆಯಿರಿ. ಸ್ಟೀರಿಂಗ್ ಚಿತ್ರವಿರುವ ಮುಚ್ಚಳದ ಪುಟ್ಟ ಡಬ್ಬಿ ಕಂಡರೆ ಅದು ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಎಣ್ಣೆ ಎರಡು ಗೆರೆಗಳ ನಡುವೆ ಇರಬೇಕು. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹಳತಾಗಿದೆ. ನೊರೆ ಕಂಡರೆ ಎಲ್ಲೋ ಗಾಳಿ ಎಳೆಯುತ್ತಿದೆ. ಕಮ್ಮಿಯಾಗಿದ್ದರೆ ಸುಮ್ಮನೆ ತುಂಬಿಸಬೇಡಿ, ಸೋರಿಕೆ ಹುಡುಕಿಸಿ. ಪೂರ್ತಿ ತಿರುಗಿಸಿದಾಗ ಕೀಚ್ ಎಂದರೆ ಬೆಲ್ಟ್ ಜಾರುತ್ತಿದೆ. ಆ ಸ್ಥಿತಿಯಲ್ಲಿ ಸ್ಟೀರಿಂಗನ್ನು ಕೆಲವು ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು, ಪಂಪ್ ಸಾಯುತ್ತದೆ.

ಡಬ್ಬಿ ಇಲ್ಲದಿದ್ದರೆ ಎಲೆಕ್ಟ್ರಿಕ್. ಡ್ಯಾಶ್‌ಬೋರ್ಡಿನಲ್ಲಿ ಸ್ಟೀರಿಂಗ್ ಚಿತ್ರದ ದೀಪ ಹತ್ತಿದ್ದರೆ ಮೊದಲು ಬ್ಯಾಟರಿ ನೋಡಿ. ಮುದಿ ಬ್ಯಾಟರಿ ಈ ಮೋಟರಿಗೆ ಸಾಲದೆ ಹೋಗಿ ದೀಪ ಹತ್ತಿಸುತ್ತದೆ. ಎಂಜಿನ್ ನಿಂತಾಗ 12.4 ವೋಲ್ಟಿಗಿಂತ ಕೆಳಗಿದ್ದರೆ ಚಾರ್ಜ್ ಸಾಲದು; ಎಂಜಿನ್ ಓಡುವಾಗ 14ರ ಆಸುಪಾಸಿಗೆ ಏರದಿದ್ದರೆ ಆಲ್ಟರ್ನೇಟರ್ ನೋಡಿಸಿ. ಆಮೇಲೆ ಫ್ಯೂಸ್. ಅಲ್ಲಿಂದಾಚೆ ಸ್ಕ್ಯಾನರ್ ಇರುವವರ ಕೆಲಸ. ಕೋಡ್ ಓದಿಸದೆ ಮೋಟರ್ ಬದಲಿಸಲು ಒಪ್ಪಬೇಡಿ. ಇಕ್ಕಟ್ಟಿನ ಪಾರ್ಕಿಂಗಿನಲ್ಲಿ ಹತ್ತಾರು ಸಲ ತಿರುಗಿಸಿದ ಮೇಲೆ ಸ್ವಲ್ಪ ಹೊತ್ತು ಭಾರವಾಗಿ ಆಮೇಲೆ ಸರಿಹೋದರೆ ಅದು ದೋಷವಲ್ಲ, ಬಿಸಿಯಾದ ಮೋಟರ್ ತನ್ನನ್ನು ಕಾಪಾಡಿಕೊಳ್ಳುತ್ತಿದೆ.

ಒಂದು ಸುತ್ತಿನೊಳಗೇ ಒಮ್ಮೆ ಬಿಗಿ, ಒಮ್ಮೆ ಹಗುರ, ಮತ್ತೆ ಬಿಗಿ ಎನಿಸಿದರೆ ಸ್ಟೀರಿಂಗ್ ಶಾಫ್ಟ್‌ನ ಜಾಯಿಂಟ್ ತುಕ್ಕು ಹಿಡಿದಿದೆ.

ನಂದಿ ಬೆಟ್ಟ ಇಳಿಯುವಾಗ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡುವ ಹಳೆ ಚಾಳಿ ಇನ್ನೂ ಕೆಲವರಲ್ಲಿದೆ. ಪವರ್ ಸ್ಟೀರಿಂಗ್ ನೆರವು ಹೋಗುತ್ತದೆ, ಬ್ರೇಕ್ ಗಟ್ಟಿಯಾಗುತ್ತದೆ, ಕೀ ತೆಗೆದರಂತೂ ಸ್ಟೀರಿಂಗ್ ಲಾಕ್. ಎಂದೂ ಮಾಡಬೇಡಿ.

ಲಕ್ಷಣ: ಸ್ಟೀರಿಂಗ್ ಸಡಿಲ, ಅಥವಾ ತಾನಾಗಿ ನೇರಕ್ಕೆ ಬರುವುದಿಲ್ಲ

ಚಕ್ರ ನೇರವಿಟ್ಟು, ಚಕ್ರ ಕದಲುವವರೆಗೆ ಸ್ಟೀರಿಂಗ್ ಎಷ್ಟು ಆಡುತ್ತದೆ ನೋಡಿ. ಅಂಚಿನಲ್ಲಿ ಅಳೆದರೆ 30 ಮಿ.ಮೀ. ಮೀರಬಾರದು. ಮೀರಿದರೆ ಟೈ ರಾಡ್, ರ್‍ಯಾಕ್, ಶಾಫ್ಟ್ ಜಾಯಿಂಟ್ ಈ ಕ್ರಮದಲ್ಲಿ ನೋಡಿಸಿ. ನಿನ್ನೆ ಇಲ್ಲದ ಆಟ ಇವತ್ತು ಇದ್ದರೆ ಓಡಿಸಬೇಡಿ. ರ್‍ಯಾಕ್‌ನ ನಟ್ ಬಿಗಿದು ಆಟ ಮುಚ್ಚುವವರಿದ್ದಾರೆ. ಹೆಚ್ಚು ಬಿಗಿದರೆ ತಿರುಗಿಸಿದ ಸ್ಟೀರಿಂಗ್ ವಾಪಸ್ ಬರುವುದಿಲ್ಲ. ಸ್ಟ್ರಟ್ ಮೌಂಟ್ ಬೇರಿಂಗ್ ಬಿಗಿದುಕೊಂಡರೂ ಇದೇ ಲಕ್ಷಣ.

ಕೊನೆಗೆ ಅಲೈನ್‌ಮೆಂಟ್

ಟೈರ್ ಸರಿಯಿದೆ, ಬ್ರೇಕ್ ಬಿಗಿದುಕೊಂಡಿಲ್ಲ, ಯಾವ ಜಾಯಿಂಟೂ ಅಲ್ಲಾಡುತ್ತಿಲ್ಲ ಎಂದಾದ ಮೇಲೆ ಹೋಗಿ. ಡಿಕ್ಕಿಯಲ್ಲಿ ಭಾರ ಇರಬಾರದು. ಕೆಲಸಕ್ಕೆ ಮುಂಚಿನದು, ನಂತರದ್ದು ಎರಡೂ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ.

ಅದನ್ನು ಓದುವುದು ಕಷ್ಟವಲ್ಲ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ತಿರುಗಿಸಿ ಸರಿಮಾಡಲು ಬರುವುದು ಮುಂದಿನ ಟೋ ಒಂದೇ. ಕ್ಯಾಂಬರ್, ಕ್ಯಾಸ್ಟರ್ (ಪಕ್ಕದಿಂದ ನೋಡಿದಾಗ ಸ್ಟ್ರಟ್ ಹಿಂದಕ್ಕೆ ವಾಲಿರುವ ಕೋನ) ಕೆಂಪಿನಲ್ಲಿ ಬಂದರೆ ಏನೋ ಬಾಗಿದೆ ಎಂದರ್ಥ: ಲೋವರ್ ಆರ್ಮ್, ಸ್ಟ್ರಟ್, ನಕಲ್ (ಹಬ್ ಕೂರುವ ಲೋಹದ ತುಂಡು), ಇಲ್ಲವೇ ಸಬ್‌ಫ್ರೇಮ್. ಎಡ, ಬಲ ಕ್ಯಾಸ್ಟರ್ ನಡುವೆ ಅಂತರವಿದ್ದರೆ ಕಡಿಮೆ ಇರುವ ಕಡೆಗೆ ಕಾರು ಎಳೆಯುತ್ತದೆ. ಹಿಂದಿನ ಚಕ್ರಗಳ ಅಂಕಿಯೂ ಕೆಂಪಾಗಿದ್ದರೆ ಟಾರ್ಷನ್ ಬೀಮ್ ಬಾಗಿರಬಹುದು. ಆಗ ಗಾಡಿ ನೇರ ಹೋಗಲು ಸ್ಟೀರಿಂಗ್ ಓರೆ ಹಿಡಿಯಬೇಕಾಗುತ್ತದೆ. "ಆಕ್ಸಿಡೆಂಟ್ ಆಗಿಲ್ಲ" ಎಂದು ಮಾರಿದ ಗಾಡಿಯಲ್ಲಿ ಈ ಹಾಳೆ ಬೇರೆಯದೇ ಕಥೆ ಹೇಳುವುದುಂಟು. ಹಾಗಾಗಿ ಕೊಳ್ಳುವ ಮುಂಚೆಯೇ ಇದನ್ನು ಅಳೆಸಿಕೊಳ್ಳುವುದು ಜಾಣತನ. ಖರ್ಚು ಕೆಲವು ನೂರು ರೂಪಾಯಿ.

ಅಲೈನ್‌ಮೆಂಟ್ ಆದ ಮೇಲೂ ಸ್ಟೀರಿಂಗ್ ಓರೆಯಿದ್ದರೆ ಎಡ, ಬಲ ಟೈ ರಾಡ್‌ಗಳನ್ನು ಸಮವಾಗಿ ಹೊಂದಿಸಿಲ್ಲ. ಮತ್ತೆ ಮಷೀನ್ ಹತ್ತಿಸಲು ಹೇಳಿ. ಸ್ಟೀರಿಂಗನ್ನೇ ಬಿಚ್ಚಿ ನೇರ ಕೂರಿಸಿಕೊಡುತ್ತೇವೆ ಎಂದರೆ ಕೀ ವಾಪಸ್ ತೆಗೆದುಕೊಳ್ಳಿ. ಅಲ್ಲಿ ಏರ್‌ಬ್ಯಾಗ್ ಇದೆ, ಅದರ ಸುರುಳಿ ವೈರ್ ಇದೆ.

ಪಾರ್ಟ್ ನೀವೇ ತರುವುದಾದರೆ ಜೆ.ಸಿ. ರಸ್ತೆಯ ಅಂಗಡಿಗಳಿವೆ. ಹಳೆಯ ಪಾರ್ಟನ್ನು ಜತೆಗೆ ಒಯ್ಯಿರಿ, ಚಾಸಿಸ್ ನಂಬರ್ ಬರೆದುಕೊಂಡು ಹೋಗಿ. ಒಂದೇ ಮಾಡೆಲ್‌ನಲ್ಲಿ ವರ್ಷದಿಂದ ವರ್ಷಕ್ಕೆ ಅಳತೆ ಬದಲಾಗಿರುತ್ತದೆ. ಶಿವಾಜಿನಗರದ ಗುಜರಿಯಲ್ಲಿ ವೀಲ್ ಕ್ಯಾಪ್, ಕನ್ನಡಿ ಕೊಳ್ಳಿ. ಬಾಲ್ ಜಾಯಿಂಟ್, ಟೈ ರಾಡ್, ಬೇರಿಂಗ್ ಮಾತ್ರ ಬೇಡ.

ಚಕ್ರ ಬಿಚ್ಚಿದ ಯಾವ ಕೆಲಸವಾದರೂ ನಟ್‌ಗಳನ್ನು ನಕ್ಷತ್ರದಂತೆ ಎದುರುಬದುರಾಗಿ ಬಿಗಿಯಬೇಕು, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಿಂದ. ಕಾರಿನಿಂದ ಕಾರಿಗೆ ಅದು ಸುಮಾರು 85ರಿಂದ 120 ನ್ಯೂಟನ್ ಮೀಟರ್. ನಿಮ್ಮದು ಎಷ್ಟೆಂದು ಮ್ಯಾನ್ಯುಯಲ್‌ನಲ್ಲಿದೆ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ಹೆದ್ದಾರಿಯಲ್ಲಿ ಸ್ಟೀರಿಂಗ್ ಇದ್ದಕ್ಕಿದ್ದಂತೆ ತೂಗಿದರೆ ಬ್ರೇಕ್ ಗಟ್ಟಿಯಾಗಿ ಒತ್ತದೆ, ಎರಡೂ ಕೈಯಲ್ಲಿ ಹಿಡಿದು, ವೇಗ ತಾನಾಗಿ ಇಳಿಯಲು ಬಿಟ್ಟು ಎಡಕ್ಕೆ ಬನ್ನಿ. ಹಜಾರ್ಡ್ ಲೈಟ್ ಹಾಕಿ, ತ್ರಿಕೋನ ಫಲಕ ಹಿಂದೆ ದೂರದಲ್ಲಿಟ್ಟು, ಎಲ್ಲರೂ ತಡೆಗೋಡೆಯ ಆಚೆ ನಿಲ್ಲಿ. ಫ್ಲೈಓವರ್ ಮೇಲೆ ಜಾಕಿ ಹಾಕಬೇಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033, ಉಳಿದ ಕಡೆ ತುರ್ತಿಗೆ 112.